ಮಾವನ ಕಂಪ್ಯೂಟರಿಗೆ ಹೊಂದದ ಕಾರ್ಡು

ಆ ಕಾರ್ಡು ಹೊಂದುತ್ತಿತ್ತು. ಹೊಂದುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ — ನನ್ನನ್ನು ಸಾಕಿ ಬೆಳೆಸಿದ ಸೋದರಮಾವನಿಗೆ, ಅವರ ಮನೆಯಲ್ಲೇ ಕೂತು, ಅವರ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಟ್ಟುಕೊಂಡು, ಅತ್ತೆ ಕೊಟ್ಟ ಕಾಫಿ ಕುಡಿಯುತ್ತಾ.

ಮಾವ ನಂಜುಂಡಾಚಾರಿ ಪಾಂಡವಪುರದಲ್ಲಿ ಮರಗೆಲಸ ಮಾಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವರ ಕೆಲಸದ ಕೊಟ್ಟಿಗೆಯ ಮರದ ಹೊಟ್ಟು, ಸಿಬರುಗಳ ನಡುವೆ. ಉಳಿ ಹಿಡಿಯುವುದನ್ನು ಕಲಿಸಿದರು. ಬಾಗಿಲು ಮಾಡಿ ಮಿಕ್ಕ ತುಂಡುಗಳಲ್ಲಿ ಚೆಸ್ ಕಾಯಿ ಕೆತ್ತುವುದು ಅವರ ಹುಚ್ಚು. ಆಡುವುದು ಅದಕ್ಕಿಂತ ದೊಡ್ಡ ಹುಚ್ಚು. ನಾನು ಉಳಿ ಬಿಟ್ಟು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಾಗ ಅವರು ಬೈಯಲಿಲ್ಲ. ಬರಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಂಗಡಿಗೆ ಇಂಟರ್ನೆಟ್ಟು ಹಾಕಿಸಿದೆ. ಆಗೆಲ್ಲ ಅದು ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಕಂಪ್ಯೂಟರಿನೊಳಗೆ ಮೋಡೆಮ್ ಅನ್ನುವ ಕಾರ್ಡು ಕೂರಿಸಬೇಕಿತ್ತು. ಇ-ಮೇಲಿನಲ್ಲಿ ಚೆಸ್ ಆಡುವವರು ಇದ್ದಾರೆಂದು ತಿಳಿದು ಮಾವನಿಗೆ ಫೋನು ಮಾಡಿದೆ. ಮುಂದಿನ ಭಾನುವಾರವೇ ಬಸ್ಸಿಳಿದು ಬಂದುಬಿಟ್ಟರು, ಚೀಲದಲ್ಲಿ ಚೆಸ್ ಕಾಯಿ, ಮನೆ ಬರೆದ ಹಾಸು ಎಲ್ಲ ತುಂಬಿಕೊಂಡು.

ಆಡಲು ಸಿಕ್ಕವರು ಆರ್ವಿಡ್ ಎಂಬ ನಾರ್ವೆಯ ಮುದುಕರು. ದೋಣಿ ಕಟ್ಟುತ್ತಿದ್ದವರಂತೆ. "ಅವ್ನೂ ನಮ್ ಕಸುಬ್ನೋನೇ ಕಣ್ಲಾ!" ಎಂದು ಮಾವ ನನ್ನ ಬೆನ್ನಿಗೆ ಗುದ್ದಿದರು. ಆಮೇಲೆ ಪ್ರತಿ ಭಾನುವಾರ ಬಂದರು. ಬೆಂಚಿನ ಮೇಲೆ ಹಾಸು ಹರಡಿ, ಬಂದ ನಡೆಯನ್ನು ಇಟ್ಟು ನೋಡಿ, ಗಲ್ಲ ಕೆರೆದುಕೊಳ್ಳುತ್ತಾ ಕೂರುತ್ತಿದ್ದರು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ನಡೆ ಒಂದೇ ಸಾಲು. ಮಿಕ್ಕದ್ದೆಲ್ಲ ಮರದ ಮಾತು. "ನೀರಲ್ಲಿ ನೆಂದ್ರೂ ಬಿರಿಯದ ಮರ ಯಾವ್ದು ಅಂತ ಕೇಳ್ಲಾ ಅವನ್ನ." ಮಧ್ಯಾಹ್ನ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಅತ್ತೆ ಕಳಿಸಿದ ಮುದ್ದೆ ಮುರಿದು ತಿನ್ನುತ್ತಿದ್ದೆವು. ನನ್ನ ಅಂಗಡಿಯನ್ನು ಅವರು ಒಪ್ಪಿದ್ದರು — ನನ್ನನ್ನೂ. ಆ ಭಾನುವಾರಗಳಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಕಾಲೇಜಿಗೆ ಹೋಗುತ್ತಿದ್ದ ಮಾವನ ಮಗಳು ಗಿರಿಜೆಗೆ ನಾನೇ ಹಳೆಯ ಭಾಗಗಳಿಂದ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೆ. ಒಂದು ದಿನ ಮಾವ ಕರೆಸಿದರು. "ಆ ಫೋನಿನ ಕಾರ್ಡು ಇದ್ಕೂ ಒಂದು ಆಕ್ಬುಡ್ಲಾ. ಗಿರ್ಜಿ ಬರ್ಕೊಡ್ತಾಳೆ. ನಿನ್ಗೂ ತೊಂದ್ರೆ ತಪ್ತದೆ."

ತೊಂದರೆ! ಮನೆಯಲ್ಲೇ ಮೇಲು ಬಂದರೆ ಇವರು ಅಂಗಡಿಗೆ ಯಾಕೆ ಬಂದಾರು? ಡಬ್ಬ ಬಿಚ್ಚಿದೆ. ಒಳಗಿದ್ದ ಬೋರ್ಡು ಹಳೆಯದು, ಕಾರ್ಡು ಕೂರಿಸಲು ಉದ್ದನೆಯ ಕರಿ ಸ್ಲಾಟುಗಳಷ್ಟೇ ಇದ್ದವು. ಹೊಸ ಮೋಡೆಮ್‌ಗಳು ಹೆಚ್ಚಾಗಿ ಗಿಡ್ಡನೆಯ ಬಿಳಿ ಸ್ಲಾಟಿಗೆ ಬರುತ್ತಿದ್ದವು. ಇಷ್ಟು ನಿಜ. ಆದರೆ ಕರಿ ಸ್ಲಾಟಿಗೆ ಸರಿಯಾಗಿ ಕೂರುವ ಹಳೆಯ ಕಾರ್ಡೊಂದು ನನ್ನ ಅಂಗಡಿಯ ಡ್ರಾಯರಿನಲ್ಲೇ ಇತ್ತು. ಅದು ಕೈಯಲ್ಲಿದ್ದಷ್ಟು ಸ್ಪಷ್ಟವಾಗಿ ನೆನಪಿಗೆ ಬಂತು — ಬಂದರೂ...

"ಇದಕ್ಕೆ ಯಾವುದೂ ಹೊಂದಲ್ಲ ಮಾವ. ಬೋರ್ಡು ಹಳೇದು."

ಮಾವ ಬಗ್ಗಿ ನೋಡಿದರು. ಬೆರಳಿನಿಂದ ಸ್ಲಾಟಿನ ಅಗಲ ಅಳೆದರು. "ನಿಜ ಕಣ್ಬುಡು. ತೂತಿಗೆ ತಕ್ಕ ಬೆಣೆ ಇಲ್ದಿದ್ರೆ ಎಷ್ಟು ಬಡುದ್ರೂ ಕೂರಾಕಿಲ್ಲ."

"ಬಾವ, ಹೊರಗಡೆ ಇಡೋ ಡಬ್ಬಿ ಥರದ್ದೂ ಬರುತ್ತಂತಲ್ಲ?" ಎಂದಳು ಗಿರಿಜೆ.

"ಅದೂ ಈ ಹಳೇ ಮಿಷನ್ನಿಗೆ ಒಗ್ಗಲ್ಲ" ಎಂದೆ. ಇದೂ ಸುಳ್ಳು. ಮೊದಲನೆಯದರಷ್ಟು ಕಷ್ಟವಾಗಲಿಲ್ಲ.

ಪ್ರೀತಿಗಾಗಿ ಹೇಳಿದೆ ಎಂದುಕೊಂಡೆ. ಮಾವ ಭಾನುವಾರಗಳಲ್ಲಿ ಮೊದಲಿನ ಹಾಗೇ ಬರುತ್ತಿದ್ದರು, ನಾನು ಮೊದಲಿಗಿಂತ ಹೆಚ್ಚು ಉಪಚಾರ ಮಾಡುತ್ತಿದ್ದೆ.

ಮುಂದಿನ ಬೇಸಗೆಯಲ್ಲಿ ಮರ ಕೆತ್ತುವ ಬಾಚಿ ಜಾರಿ ಮಾವನ ಪಾದ ಸೀಳಿತು. ಹೊಲಿಗೆ ಹಾಕಿ, ನೆಲಕ್ಕೆ ಕಾಲಿಡಬೇಡಿ ಎಂದರು ಡಾಕ್ಟರು. ಅದೇ ಹೊತ್ತಿಗೆ ಶೀಳನೆರೆಯ ತವರಿನಲ್ಲಿ ನನ್ನ ಹೆಂಡತಿಗೆ ಹೆರಿಗೆಯಾಯಿತು. "ಓಗ್ಲಾ, ಮಗೀನ ಮಕ ನೋಡೋಗು. ನಾನೆಂಗೂ ಬರಾಕಾಗಾಕಿಲ್ಲ. ಆರ್ವಿಡ್ಡು ಎಲ್ಗೋದಾನು?" ಎಂದು ಮಾವ ಫೋನಿನಲ್ಲಿ ನಕ್ಕರು. ಅಂಗಡಿಗೆ ಬೀಗ ಹಾಕಿ ಹೊರಟೆ. ಮಗಳನ್ನು ಎತ್ತಿಕೊಂಡ ಸಂತೋಷದಲ್ಲಿ ವಾರಗಳು ಕಳೆದವು, ಮಿಕ್ಕದ್ದೆಲ್ಲ ಮರೆತುಹೋಯಿತು.

ನಾನು ಹಿಂತಿರುಗಿದ ವಾರ ಮಾವ ಕೋಲೂರಿಕೊಂಡು ಅಂಗಡಿಗೆ ಬಂದರು. ಇ-ಮೇಲಿನ ಪೆಟ್ಟಿಗೆ ತೆರೆದರೆ ಸಾಲಾಗಿ ಮೂರು ಮೇಲು.

ಮೊದಲನೆಯದರಲ್ಲಿ ಆರ್ವಿಡ್ ಬರೆದಿದ್ದರು: ಕಾಯಿಲೆ ಹೆಚ್ಚಾಗಿದೆ, ಹೆಚ್ಚು ದಿನ ಕೂತು ಆಡಲಾಗದು, ನಮ್ಮ ಆಟವನ್ನು ಮುಗಿಸುವ ಆಸೆ — ದಿನಕ್ಕೊಂದು ನಡೆ ಕಳಿಸುತ್ತೀರಾ? ಎರಡನೆಯದು ಒಂದೇ ಮಾತು: ಕಾಯುತ್ತಿದ್ದೇನೆ. ಮೂರನೆಯದನ್ನು ಅವರ ಮಗಳು ಬರೆದಿದ್ದರು. ಅಪ್ಪ ಹೋದರು, ಕೊನೆಯವರೆಗೂ ಬೆಳಿಗ್ಗೆ ಎದ್ದೊಡನೆ ನಿಮ್ಮ ಉತ್ತರ ಬಂತೇ ನೋಡು ಎನ್ನುತ್ತಿದ್ದರು.

ಓದಿ ಹೇಳಿದೆ. ಮಾವ ಹಾಸಿನ ಮೇಲಿದ್ದ ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು.

"ಈ ಆಳಾದ್ ಕಾಲು" ಎಂದರು. "ಇದೊಂದು ನೆಟ್ಟಗಿದ್ದಿದ್ರೆ ಬಂದ್ಬುಡ್ತಿದ್ದೆ ಕಣ್ಲಾ."

ಆಗಲಾದರೂ ಹೇಳಬಹುದಿತ್ತು. ಕಾಲಲ್ಲ ಮಾವ, ನಾನು — ಮನೆಯಲ್ಲೇ ಕಾಲು ಚಾಚಿಕೊಂಡು ನೀವು ಅವರಿಗೆ ಉತ್ತರ ಕೊಡಬಹುದಿತ್ತು — ಎಂದು. ಹೇಳಲಿಲ್ಲ. ಅವರು ತಮ್ಮ ಕಾಲನ್ನೇ ಬೈದುಕೊಳ್ಳಲಿ ಎಂದು ಬಿಟ್ಟೆ.

ಬದಲಿಗೆ ಮಾರನೆಯ ದಿನವೇ ಡ್ರಾಯರಿನ ಆ ಕಾರ್ಡನ್ನು ತೆಗೆದುಕೊಂಡು ಹೋಗಿ ಗಿರಿಜೆಯ ಕಂಪ್ಯೂಟರಿಗೆ ಕೂರಿಸಿದೆ. ಹೊಂದುವಂಥದ್ದು ಈಗ ಸಿಕ್ಕಿತು ಎಂದೆ. ಮಾವ ಅತ್ತೆಯನ್ನು ಕರೆದು ತೋರಿಸಿದರು. "ನಮ್ ಐದ ಎಲ್ಲೆಲ್ಲೋ ಉಡ್ಕಿ ತಂದವ್ನೆ ಕಣಮ್ಮಿ!" ಆ ಹೊಗಳಿಕೆಯನ್ನೂ ತಲೆ ತಗ್ಗಿಸಿ ತೆಗೆದುಕೊಂಡೆ. ಆ ಕಾರ್ಡಿನಿಂದ ಮಾವ ಒಂದೇ ಒಂದು ಮೇಲು ಕಳಿಸಿದರು — ಸಂತಾಪದ್ದು, ಉತ್ತರ ಕೊಡದ್ದಕ್ಕೆ ನೆಪ ಹೇಳದೆ. ಮತ್ತೆ ಬೇರೆಯವರೊಡನೆ ಆಡಲು ಒಪ್ಪಲಿಲ್ಲ.

ಅವರು ಬರುವುದೂ ನಿಂತಿತು. ಕೆಲವು ವಾರ ಒಬ್ಬನೇ ಕೂತೆ. ಆಮೇಲೊಂದು ಭಾನುವಾರ ಅಂಗಡಿ ಮುಚ್ಚಿ ಪಾಂಡವಪುರದ ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತ ಮೇಲೆ ಹೊಳೆಯಿತು: ಮಾವನನ್ನು ಕರೆತರುತ್ತಿದ್ದ ಬಸ್ಸುಗಳು ಅಲ್ಲಿಗೆ ವಾಪಸ್ಸೂ ಹೋಗುತ್ತಿದ್ದವಲ್ಲ! ನನಗೆ ಅವರು ಬೇಕಾಗಿದ್ದರೆ ನಾನೇ ಹೋಗಬಹುದಿತ್ತು. ಅಷ್ಟೂ ಕಾಲ... ನನಗೆ ಅದು ತೋಚಿರಲೇ ಇಲ್ಲ.

ಅಂದಿನಿಂದ ಭಾನುವಾರ ನಾನೇ ಹೋಗುತ್ತೇನೆ. ಆಡಿ ಸೋಲುತ್ತೇನೆ. ಈಗ ಮಾವನಿಗೆ ಎಂಬತ್ತು ದಾಟಿದೆ; ಕಣ್ಣು ಮಂಜಾಗಿ, ಕಾಯಿಗಳನ್ನು ಮುಟ್ಟಿ ಗುರುತಿಸುತ್ತಾರೆ. ಹೋದ ತಿಂಗಳು ಆಟದ ನಡುವೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರ ಕೈ ಕುದುರೆಯ ಮೇಲೆ ನಿಂತಿತು. "ಆವತ್ತು ಆ ಕಾರ್ಡು ನಿನ್ ತಾವೇ ಇತ್ತೇನ್ಲಾ?"

"ಇತ್ತು ಮಾವ."

ಅತ್ತೆ ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ, "ಆರ್ವಿಡ್ಡನ ಮಗಳು ಏನಂದ್ಕೊಂಡಿದ್ದಾಳು? ಈ ಮನ್ಸ ಬೇಕೂಂತ್ಲೇ ಉತ್ರ ಕೊಡ್ನಿಲ್ಲ ಅಂತ ತಾನೆ? ಬರಿ ಅವ್ಳಿಗೆ. ನೀನೇ ಬರಿ" ಎಂದರು.

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹಳೆಯ ಇ-ಮೇಲ್ ವಿಳಾಸಕ್ಕೆ ಬರೆದದ್ದು ವಾಪಸ್ಸು ಬಂತು. ಅವರ ಊರಿನ ಹೆಸರು ಹಿಡಿದು ಅಲ್ಲಿಯ ಅಂಚೆ ಕಚೇರಿಗೊಂದು ಕಾಗದ ಹಾಕಿದೆ, ಉತ್ತರವಿಲ್ಲ. ಪ್ರತಿ ಭಾನುವಾರ ಮಾವ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

"ಇನ್ನೊಂದು ಬರಿ" ಎನ್ನುತ್ತಾರೆ.

ಬರೆಯುತ್ತೇನೆ.