ಡ್ರಾಯಿಂಗ್ ಮೇಷ್ಟ್ರ ಮುಖ

ಸಿಟ್ಟು ಬಂದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರ ಕತ್ತಿನ ಎಡಬದಿಯಲ್ಲಿ ಒಂದು ನರ ಹುರಿಹಗ್ಗದಂತೆ ಉಬ್ಬಿ ನಿಲ್ಲುತ್ತಿತ್ತು. ಹೋಂವರ್ಕ್ ಬಿಟ್ಟಿದ್ದಕ್ಕಾಗಲಿ, ಗಲಾಟೆ ಮಾಡಿದ್ದಕ್ಕಾಗಲಿ ಅದು ಉಬ್ಬಿದ್ದನ್ನು ಚನ್ನಗಿರಿಯ ನಮ್ಮ ಹೈಸ್ಕೂಲಿನಲ್ಲಿ ಯಾರೂ ಕಂಡಿರಲಿಲ್ಲ. ‘ಕಾರ್ಟೂನ್’ ಎಂಬ ಮಾತು ಕಿವಿಗೆ ಬಿದ್ದರೆ ಮಾತ್ರ ಉಬ್ಬುತ್ತಿತ್ತು.

“ಕಾರ್ಟೂನ್ ಅನ್ನಬ್ಯಾಡ್ರಿ. ಅದು ಸಿನಿಮಾ. ಒಂದೊಂದು ಹಾಳೇನೂ ಕೈಯಾಗೆ ಬರ್ದಿರೋ ಸಿನಿಮಾ.”

ಜಪಾನಿನ ಒಬ್ಬ ವಯಸ್ಸಾದ ನಿರ್ದೇಶಕರ ಚಿತ್ರಗಳೆಂದರೆ ಅವರಿಗೆ ಪ್ರಾಣ. ಹೆಸರು ಹಿಡಿದು ಕರೆದದ್ದೇ ಇಲ್ಲ, ‘ನಮ್ಮ ಅಜ್ಜ’ ಎನ್ನುತ್ತಿದ್ದರು. ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ ಡ್ರಾಯಿಂಗ್. ಲ್ಯಾಬಿನ ಟೀವಿಗೆ ಸೀಡಿ ಹಾಕಿ, ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ಕನ್ನಡದಲ್ಲಿ ತಾವೇ ಹೇಳುತ್ತಿದ್ದರು. ಅವರದು ಜಗಳೂರು ತಾಲ್ಲೂಕಿನ ಬಿಳಿಚೋಡು. ಹಾಗಾಗಿ ಜಪಾನಿನ ಮುದುಕಿಯೂ “ಯಾಕವ್ವ, ಉಂಡಿಲ್ಲೇನು?” ಎಂದೇ ಕೇಳುತ್ತಿದ್ದಳು.

ನಮಗೆ ಹಾರಾಟ, ಹೊಡೆದಾಟ ಬೇಕು. ಅವರು ಚಿತ್ರ ನಿಲ್ಲಿಸುತ್ತಿದ್ದುದೇ ಬೇರೆ ಕಡೆ. ಹುಡುಗಿಯೊಬ್ಬಳು ನೆಲ ಒರೆಸಿ ಬಟ್ಟೆ ಹಿಂಡುವಲ್ಲಿ, ಯಾರೋ ಏನೂ ಮಾಡದೆ ಸುಮ್ಮನೆ ಕುಳಿತಲ್ಲಿ.

“ಇಲ್ಲಿ ಕತೆ ಮುಂದಕ್ಕೆ ಹೋಗಲ್ಲ. ಆದ್ರೂ ಅಜ್ಜ ಬರ್ದಾನೆ. ಯಾಕೆ? ಆ ಹುಡುಗಿ ಜೀವಂತ ಅದಾಳೆ ಅನ್ನಾಕೆ. ನಾಕು ಸೆಕೆಂಡಿಗೆ ತಿಂಗಳುಗಟ್ಲೆ ಕುಂತಿರ್ತಾರೆ ಗೊತ್ತೇನ್ರಿ?”

ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ಸೂಳೆಕೆರೆಗೆ ಕರೆದೊಯ್ದರು. ಒಂದು ಅಲೆ ಬಂದು ಕಲ್ಲಿಗೆ ಬಡಿದು ಹಿಂದಿರುಗುವುದನ್ನು ಹನ್ನೆರಡು ಚೀಟಿಗಳಲ್ಲಿ ಬರೆದು ಪಿನ್ ಹೊಡೆಯಬೇಕು, ಸರಸರ ತಿರುವಿದರೆ ಅಲೆ ಓಡಬೇಕು. ನಾನು ಗೆಳತಿಯರ ಜೊತೆ ಹರಟುತ್ತಾ ಬರೆದು ಮುಗಿಸಿದೆ. ಮೇಷ್ಟ್ರು ಹೆಬ್ಬೆರಳಿನಿಂದ ತಿರುವಿ ನೋಡಿ ನಿಲ್ಲಿಸಿದರು.

“ಅಲೆ ಬಡೀತು, ಹೋತು. ಕಲ್ಲು ಒಣಗೇ ಐತಲ್ಲ. ನೀರು ಎಲ್ಲಿ ಹೋತವ್ವ?”

“ಗೊತ್ತಿಲ್ಲ ಸರ್.”

“ಗೊತ್ತಿಲ್ಲ ಅಂದ್ರೆ ನೋಡಿಲ್ಲ. ಹೋಗು, ಕುಂತ್ಕ.”

ಒಂದು ತಾಸು ಬಿಸಿಲಲ್ಲಿ ಕೂತೆ. ಅಳು ಬಂದಿತ್ತು. ಆಮೇಲೆ ಕಂಡಿತು. ಅಲೆ ಹಿಂದೆ ಸರಿದ ಮೇಲೂ ತೆಳ್ಳನೆಯ ನೀರಿನ ಪೊರೆಯೊಂದು ಕಲ್ಲಿನ ಮೇಲಿಂದ ನಿಧಾನಕ್ಕೆ ಜಾರುತ್ತದೆ, ಕಲ್ಲು ಕಪ್ಪಗಾಗುತ್ತದೆ, ಅಂಚಿನಿಂದ ಒಣಗುತ್ತಾ ಬರುತ್ತದೆ. ಈಗ ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತಿದ್ದೇನೆ. ಆ ಒಂದು ತಾಸಿನಲ್ಲಿ ಕಲಿತದ್ದೇ ನನ್ನ ಅನ್ನ.

ಇಂಥವರಿಗೆ ನಾವು ಮಾಡಿದ್ದೇನು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತನೇ ತರಗತಿಯ ಒಂದು ಶನಿವಾರ, ಚಿತ್ರ ನಡೆಯುತ್ತಿದ್ದಾಗಲೇ ಶಾಲಾ ಕಮಿಟಿಯ ಕಾರ್ಯದರ್ಶಿ ಒಳಗೆ ಬಂದು ಟೀವಿಯ ವೈರು ಕಿತ್ತರು. “ಸಂಬಳ ಕೊಡೋದು ಪಾಠ ಮಾಡಾಕೆ ರೀ, ಗೊಂಬೆ ತೋರ್ಸಾಕಲ್ಲ.”

“ಇನ್ನ ಹತ್ತು ನಿಮಿಷ ಐತೆ ಸರ್. ಮಕ್ಕಳು ಮುಗಿಸ್ಲಿ,” ಎಂದರು ಮೇಷ್ಟ್ರು, ಮೆಲ್ಲಗೆ.

ಸೋಮವಾರ ಹೆಡ್‌ಮಾಸ್ಟರು ನನ್ನನ್ನು ಕರೆದರು. ನಾನು ಕ್ಲಾಸ್ ಲೀಡರ್. ಅವರು ಹೇಳಿದರು, ನಾನು ಬರೆದೆ: ‘ಚಿತ್ರಕಲಾ ಶಿಕ್ಷಕರು ಪಾಠ ಮಾಡದೆ ಸಿನಿಮಾ ತೋರಿಸಿ ನಮ್ಮ ಸಮಯ ಹಾಳು ಮಾಡುತ್ತಿದ್ದಾರೆ.’ ಇಡೀ ತರಗತಿ ಸಹಿ ಹಾಕಿತು. ಯಾರೂ ಹೊಡೆದಿರಲಿಲ್ಲ, ಹೆದರಿಸಿರಲಿಲ್ಲ. ಬರಿ ಅಂದರು, ಬರೆದೆ. ಆಮೇಲೆ ಮೇಷ್ಟ್ರನ್ನು ಕರೆಸಿ ನನ್ನೆದುರೇ ಕಾಗದ ಕೊಟ್ಟರು. ನನ್ನ ಅಕ್ಷರ ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಪೂರ್ತಿ ಓದಿ ಮೇಜಿನ ಮೇಲಿಟ್ಟರು.

“ಅಕ್ಷರ ದುಂಡಗೆ ಬಂದಾವೆ,” ಎಂದಷ್ಟೇ ಹೇಳಿ ಹೋದರು.

ಅವರದು ಕಾಯಂ ಕೆಲಸವಲ್ಲ, ಆ ವರ್ಷವೇ ತೆಗೆದುಹಾಕಿದರು. ನ್ಯಾಮತಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೊನ್ನಾಳಿಯಿಂದ ನ್ಯಾಮತಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ನಾನು ಹೋಗಲಿಲ್ಲ. ಫ್ಲೆಕ್ಸ್ ಬಂದು ಆ ಕೆಲಸವೂ ಹೋದ ಮೇಲೆ ಅವರು ಬಿಳಿಚೋಡಿಗೆ ಮರಳಿದರು. ಈ ವರ್ಷ ಅಲ್ಲೇ ತೀರಿಕೊಂಡರು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅದೇ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು. ಮೇಷ್ಟ್ರ ಫೋಟೊವನ್ನು ಮೊಬೈಲಿನ ಯಾವುದೋ ಆ್ಯಪಿಗೆ ಕೊಟ್ಟು, ಆ ಜಪಾನಿನ ಅಜ್ಜನ ಚಿತ್ರಗಳ ಥರ ಮಾಡಿಸಿದ್ದರು. ಗುಲಾಬಿ ಕೆನ್ನೆ, ದೊಡ್ಡ ಕಣ್ಣು, ಹಿಂದೆ ಹತ್ತಿಯಂಥ ಮೋಡ, ಕಾಲ ಬಳಿ ಅವರು ಎಂದೂ ಸಾಕದ ಬೆಕ್ಕು.

ಮಾಡಿಸಿದವನು ನನ್ನ ಸಹಪಾಠಿ, ಮೊಬೈಲ್ ಅಂಗಡಿಯವನು. “ಮೇಷ್ಟ್ರಿಗೆ ಇಷ್ಟದ ಸ್ಟೈಲು. ಒಂದು ನಿಮಿಷಾನೂ ಹಿಡೀಲಿಲ್ಲ ನೋಡು,” ಎಂದ.

ಮೇಷ್ಟ್ರ ಮುಖದ ಮೇಲೆ ತೊನ್ನಿತ್ತು. ಫ್ಲೆಕ್ಸಿನಲ್ಲಿ ಅದರ ಸುಳಿವೇ ಇರಲಿಲ್ಲ.

“ಬಿಳಿ ಕಲೆ ಎಲ್ಲೋ?”

“ನಾನೇನು ತೆಗೀಲಿಲ್ಲವ್ವ, ಅದೇ ತೆಗೀತು. ಪಾಪ, ಸತ್ತ ಮೇಲಾದ್ರೂ ಚಂದ ಕಾಣ್ಲಿ ಬಿಡು.”

ಅಷ್ಟರಲ್ಲಿ ಕಾರ್ಯದರ್ಶಿಗಳು, ಅದೇ ಮನುಷ್ಯ, ಮೈಕಿನಲ್ಲಿ ‘ಕಲೆಗಾಗಿ ಬದುಕನ್ನೇ ತೇಯ್ದ ಮಹಾನುಭಾವರು’ ಎನ್ನುತ್ತಿದ್ದರು. ಚಪ್ಪಾಳೆ ಬಿತ್ತು. ನಾನು ಎದ್ದು ಹೋಗಿ ಮೈಕು ತೆಗೆದುಕೊಂಡೆ. ಆ ಕಾಗದದ ಮಾತು ಮರೆತಿರಲಿಲ್ಲ, ಅಕ್ಷರ ಬಿಡದೆ ಹೇಳಿದೆ.

“ಬರೆದವಳು ನಾನು. ಸಹಿ ಹಾಕಿದವರು ನೀವು. ಇವರನ್ನು ಮನೆಗೆ ಕಳಿಸಿದವರು ಈಗ ಮಾತಾಡಿದರು. ಒಂದು ನಿಮಿಷದಾಗೆ ಬಂದ ಈ ಮುಖ ಇವರದ್ದಲ್ಲ.” ಫ್ಲೆಕ್ಸಿನ ಹಗ್ಗ ನಾನೇ ಬಿಚ್ಚಿದೆ. ಯಾರೂ ತಡೆಯಲಿಲ್ಲ, ಯಾರೂ ಕೈ ಹಾಕಲೂ ಇಲ್ಲ. ಹಿಂದಿನಿಂದ ಒಬ್ಬರು, “ಸಾವಿನ ಸಭೆಯಾಗೆ ಇದೆಲ್ಲ ಬೇಕಿತ್ತೇನ್ರಿ,” ಎಂದರು. ಬೇಕಿತ್ತು.

ಮರುದಿನ ಅವರ ಮುಖ ಬರೆಯಲು ಕೂತೆ. ಮೂಗು ಬಂತು, ಹುಬ್ಬು ಬಂತು. ಕಲೆ ಎಡಕ್ಕಿತ್ತೇ, ಬಲಕ್ಕೇ? ತುಟಿಯವರೆಗೆ ಬಂದಿತ್ತೇ? ಮೂರು ವರ್ಷ ಎದುರಿಗೆ ಕೂತಿದ್ದೆ, ಗೊತ್ತಿರಲಿಲ್ಲ. ಉಳಿದವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ಬಿಳಿಚೋಡಿಗೆ, ಅವರ ಹೆಂಡತಿಗೆ ಫೋನ್ ಮಾಡಿ ಕೇಳಿದೆ. ನಾನು ಯಾರೆಂಬುದನ್ನೂ, ಕಾಗದ ಬರೆದವಳು ನಾನೇ ಎಂಬುದನ್ನೂ ಮೊದಲು ಹೇಳಿದೆ.

“ಕಲೆ ಕಾಣೋ ಒಂದು ಫೋಟೊ ಕಳಿಸ್ತೀರಾ ಅಮ್ಮ?” ಎಂದೆ.

“ಫೋಟೊದಾಗೆ ಇಲ್ಲವ್ವ. ಸ್ಟುಡಿಯೋದವ್ರೇ ಅಳಿಸಿ ಕೊಡ್ತಿದ್ರು, ಬ್ಯಾಡ ಅಂದ್ರೂ ಕೇಳ್ತಿರ್ಲಿಲ್ಲ. ಹೇಳ್ತೀನಿ, ಬರ್ಕ.”

ಕಿವಿಗೆ ಫೋನ್ ಒತ್ತಿಕೊಂಡು ಪೆನ್ಸಿಲ್ ಹಿಡಿದೆ.

“ಬಲಗಡೆ ಕೆಳತುಟಿಯಿಂದ ಶುರು. ಗದ್ದದ ಮಟ ಅಗಲ ಐತೆ, ಅಲ್ಲಿಂದ ಕಿವಿ ಕಡೆ ಸಣ್ಣಗೆ ಹೋಗ್ತೈತೆ. ನಿಧಾನ ಬರಿ. ನಂಗೇನು ಅವಸರ ಇಲ್ಲ.”