ಒಂಬತ್ತು ಗಾಡಿ ಗರಸು

ಅದು 1951ರ ಬೇಸಿಗೆ. ನೆನಪನ್ನು ಕೇಳಿದ್ದರೆ ಐವತ್ತೆರಡು ಎನ್ನುತ್ತಿತ್ತು; ಇಸವಿ ಹೇಳುತ್ತಿರುವುದು ನನ್ನ ದಿನಚರಿ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಮನೆ ಬಸವನಗುಡಿಯಲ್ಲಿ.

ಅಪ್ಪ ಅವೆನ್ಯೂ ರಸ್ತೆಯಲ್ಲಿ ಮೂವತ್ತು ವರ್ಷ ಕಾಗದದ ಅಂಗಡಿ ನಡೆಸಿದವರು. ಬೆಳಿಗ್ಗೆ ನಡೆದೇ ಹೋಗುವರು, ಸಂಜೆ ನಡೆದೇ ಬರುವರು. ಹಿಂದಿನ ವರ್ಷ ಅವರ ಕಣ್ಣು ಪೂರ್ತಿ ಹೋಯಿತು. ಅಂಗಡಿಯನ್ನು ಚಿಕ್ಕಪ್ಪನಿಗೆ ಬಿಟ್ಟು ಜಗಲಿಯ ಬೆತ್ತದ ಕುರ್ಚಿ ಹಿಡಿದರು. ಕೈ ಹಿಡಿದು ಸುತ್ತಾಡಿಸುತ್ತೇನೆಂದರೆ, ಕೈ ಹಿಡಿಸಿಕೊಂಡು ಹೋಗುವುದು ನಡಿಗೆಯಲ್ಲ ಎನ್ನುವರು. ಏಳೆಂಟು ತಿಂಗಳಲ್ಲಿ ಕಾಲುಗಳು ಬಡಕಲಾದವು. ಹೀಗೇ ಬಿಟ್ಟರೆ ಇನ್ನು ಏಳುವುದೇ ಇಲ್ಲವೆಂಬ ಭಯ ಅಮ್ಮನಿಗೂ ನನಗೂ ಹಿಡಿಯಿತು.

ಉಪಾಯ ಹೇಳಿದವರು ಅಪ್ಪನೇ. ಕಾಂಪೌಂಡಿನೊಳಗೆ, ಮನೆಯ ಸುತ್ತ ಗರಸುಕಲ್ಲಿನ ಒಂದು ಕಾಲುದಾರಿ. "ಕಾಲ ಕೆಳಗೆ ಕರಕರ ಅನ್ನೋವರೆಗೂ ದಾರೀಲಿದೀನಿ. ಸದ್ದು ನಿಂತ್ರೆ ತಪ್ಪಿದೀನಿ. ಅಷ್ಟು ಮಾಡ್ಕೊಡು, ಒಬ್ನೇ ನಡೀತೀನಿ" ಎಂದರು. ಒಂದೇ ಷರತ್ತು: ದಾರಿಯುದ್ದಕ್ಕೂ ಒಂದೇ ಗುಂಡಿಯಿಂದ ಅಗೆದ ಗರಸು ಇರಬೇಕು. ನಡುವೆ ಸದ್ದು ಬದಲಾದರೆ ತಾನು ಕಾಲನ್ನು ನಂಬುವುದು ಹೇಗೆ ಎಂದು ಕೇಳಿದರು.

ಗರಸು ತರಲು ಒಪ್ಪಿದವರು ಗಾಡಿ ಮುನಿಯಪ್ಪನವರು. ಆಗ ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ಕನಕಪುರ ರಸ್ತೆಯ ಕಡೆಯ ಒಂದು ಹಳ್ಳಿಯವರು. ಅವರ ಊರಿನ ಗುಂಡಿಯ ಗರಸು ಬಟಾಣಿ ಗಾತ್ರದ್ದು, ಗಟ್ಟಿ. ಆದರೆ ಆ ಗುಂಡಿಯನ್ನು ಜಮೀನಿನವರು ವಾರದೊಳಗೆ ಮುಚ್ಚಿ ಸಮ ಮಾಡಿಸುವವರಿದ್ದರು. ಬೇಕಾದಷ್ಟನ್ನು ಈಗಲೇ ಹೇಳಬೇಕಿತ್ತು.

ನಾನು ಟೇಪು ಹಿಡಿದು ಅಳೆದೆ. ಸುತ್ತಳತೆ ನೂರೈವತ್ತು ಅಡಿ, ಅಗಲ ಎರಡೂವರೆ ಅಡಿ, ದಪ್ಪ ಮೂರು ಅಂಗುಲ. ಗಾಡಿಯ ಪೆಟ್ಟಿಗೆಯನ್ನೂ ಅಳೆದೆ. ಆರು ಗಾಡಿಗೆ ಒಂಚೂರು ಕಡಿಮೆಯೇ ಬಂತು.

ಮುನಿಯಪ್ಪನವರು ಕಾಗದದ ಕಡೆ ನೋಡಲಿಲ್ಲ. ಮೆಟ್ಟು ಬಿಟ್ಟು ಬರಿಗಾಲಲ್ಲಿ ಮನೆಯನ್ನೊಂದು ಸುತ್ತು ಬಂದರು. ಬಾವಿಯ ಹತ್ತಿರ ಹಿಮ್ಮಡಿ ಒತ್ತಿ ನೋಡಿದರು. ಜಗಲಿಯ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತು ಅಪ್ಪನನ್ನೇ ನೋಡಿದರು.

"ಒಂಬತ್ತು ಗಾಡಿ ಬೇಕು ಸ್ವಾಮಿ. ಕೊನೇ ಗಾಡೀಲಿ ಎರಡು ಮಂಕರಿ ಮಿಗುತ್ತೆ."

ನಾನು ಮುಗುಳ್ನಕ್ಕೆನೆಂದು ಇಷ್ಟು ವರ್ಷ ನಂಬಿದ್ದೆ. ದಿನಚರಿಯಲ್ಲಿ 'ಜೋರಾಗಿ ನಕ್ಕೆ' ಎಂದಿದೆ. ಗುಣಾಕಾರವನ್ನು ಬಿಡಿಸಿ ತೋರಿಸಿದೆನಂತೆ. ಅವರು ಬೇಸರಪಡಲಿಲ್ಲ.

"ನಿಮ್ಮ ಲೆಕ್ಕ ತಪ್ಪು ಅನ್ನಲ್ಲ. ಅದು ಗಾಡೀಲಿರೋ ಗರಸಿನ ಲೆಕ್ಕ. ಕಾಲ ಕೆಳಗಿನದಲ್ಲ" ಎಂದರು.

ಆರೇ ಸಾಕೆಂದೆ. ಆರೇ ಬಂತು. ಹರಡಿದಾಗ ದಪ್ಪ ಸರಿಯಾಗಿ ಮೂರು ಅಂಗುಲ; ಅಮ್ಮನನ್ನು ಕರೆದು ಸ್ಕೇಲು ಇಟ್ಟು ತೋರಿಸಿದೆ. ಕುಟ್ಟದಿದ್ದರೆ ಕಾಲು ಜಾರುತ್ತದೆಂದು ಮುನಿಯಪ್ಪನವರು ನೀರು ಚಿಮುಕಿಸಿ, ಮರದ ಕೊರಡಿನಿಂದ ಕುಟ್ಟುತ್ತಾ ಬಂದರು. ಗರಸು ಇಳಿಯಿತು. ಎರಡಂಗುಲವೂ ಉಳಿಯಲಿಲ್ಲ. ಬಾವಿಯ ಬಳಿಯ ಮೆತ್ತನೆಯ ಮಣ್ಣಿನಲ್ಲಂತೂ ಗರಸು ಹೂತೇ ಹೋಗಿತ್ತು. ಅವರು ಗಾಡಿ ಹೊಡೆದುಕೊಂಡು ಹೋದರು.

ಅಪ್ಪ ಹೆಚ್ಚು ಕಾಯಲು ತಯಾರಿರಲಿಲ್ಲ. ಎರಡು ದಿನದ ಮೇಲೆ ಕೋಲು ಹಿಡಿದು ಇಳಿದೇಬಿಟ್ಟರು. ಮುಂದುಗಡೆ ಕರಕರ ಸದ್ದು ಕೇಳಿತು, ಪಕ್ಕದಲ್ಲೂ ಕೇಳಿತು. ಹಿತ್ತಲಲ್ಲಿ ನಿಂತಿತು. ಓಡಿ ಹೋದೆ. ಬಾವಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ, ಒಂದು ಕೈಯನ್ನು ಗಾಳಿಯಲ್ಲಿ ಚಾಚಿ ನಿಂತಿದ್ದರು.

"ದಾರಿ ಎಲ್ಲೋಯ್ತೋ?" ಎಂದರು.

ಕೈ ಹಿಡಿದು ಕರೆತಂದು ಕೂರಿಸಿದೆ. ಅಮ್ಮ ಬಿಡಲಿಲ್ಲ. "ರಾಗಿ ತುಂಬಿದ ಸೇರನ್ನ ನೆಲಕ್ಕೆ ಎರಡು ಸಲ ಕುಟ್ಟಿದ್ರೆ ಎಷ್ಟು ಇಳಿಯುತ್ತೆ ಅಂತ ನನ್ನ ಕೇಳಿದ್ರೆ ಹೇಳ್ತಿದ್ನಲ್ಲೋ. ಇದಕ್ಕೂ ಬಿ.ಎಸ್ಸಿ. ಓದ್ಬೇಕಿತ್ತಾ?"

ಅಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಆದರೂ ಮರುದಿನ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಮುನಿಯಪ್ಪನವರ ಊರಿಗೆ ಹೋದೆ. ಎಲ್ಲಾದರೂ ಅದೇ ಗರಸು ಸಿಕ್ಕೀತೇ ಎಂದು ಬೇಡಿಕೊಳ್ಳುವುದಕ್ಕೆ. ಅವರ ಮನೆಯ ಮುಂದೆ ಹೊಂಗೆಮರದ ಕೆಳಗೆ ಗರಸಿನ ರಾಶಿ ಇತ್ತು.

"ಮೂರು ಗಾಡಿ. ಗುಂಡಿ ಮುಚ್ಚೋಕೆ ಮುಂಚೆ ತಂದು ಹಾಕ್ಕೊಂಡೆ" ಎಂದರು. ನನಗೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ನಲ್ಲ ಸ್ವಾಮಿ, ಒಂಬತ್ತು ಅಂತ."

ಅಂದೇ ಗಾಡಿಗಳು ಬಂದವು. ಬಾವಿಯ ಕಡೆ ಹೆಚ್ಚು, ಉಳಿದೆಡೆ ಸಮವಾಗಿ ಹಾಕಿ ಕುಟ್ಟಿದರು. ಕೊನೆಗೆ ಮಿಕ್ಕಿದ್ದು ಎರಡು ಮಂಕರಿ. ಎರಡೂವರೆ ಎಂದು ಅಮ್ಮ ಕೊನೆಯವರೆಗೂ ವಾದಿಸುತ್ತಿದ್ದರು. ದಿನಚರಿಯಲ್ಲಿ ಎರಡು ಎಂದಿದೆ. ಮುನಿಯಪ್ಪನವರು ಎರಡು ಎಂದಿದ್ದಕ್ಕೇ ನಾನು ಎರಡು ಎಂದು ಬರೆದೆನೋ ಏನೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಆಮೇಲೆ ನಡೆದದ್ದರಲ್ಲಿ ನನಗೆ ಅನುಮಾನವಿಲ್ಲ. ಮಿಕ್ಕಿದ್ದನ್ನು ಗಾಡಿಗೆ ತುಂಬಿಕೊಳ್ಳಲು ಹೇಳಿದೆ. ಅವರು ಎರಡೂ ಮಂಕರಿಯನ್ನು ಜಗಲಿಯ ಮೆಟ್ಟಿಲ ಬುಡದಲ್ಲಿ ಸುರಿದು, ಅಂಗೈಯಿಂದ ಹರಡಿ, ಕೊರಡನ್ನು ಗೋಡೆಗೆ ಒರಗಿಸಿಬಿಟ್ಟರು.

"ಇಲ್ಲಿ ಕುಟ್ಟಲ್ಲ. ಇಲ್ಲಿ ಸದ್ದು ಬೇರೆ ಇರ್ಲಿ. ಮನೆ ಬಂತು ಅಂತ ಯಜಮಾನ್ರಿಗೆ ಗೊತ್ತಾಗ್ಬೇಕಲ್ಲ."

ಮೊದಲ ದಿನ ಅವರು ಅದೇ ಮೆಟ್ಟಿಲ ಬಳಿ ಅಪ್ಪನನ್ನು ನೋಡುತ್ತಾ ನಿಂತದ್ದು ಆಗ ನೆನಪಾಯಿತು. ಮಿಗುವ ಎರಡು ಮಂಕರಿಯೂ ಅವರ ಅಳತೆಯಲ್ಲಿ ಆವತ್ತೇ ಸೇರಿತ್ತು.

ಆ ಸಂಜೆ ಅಪ್ಪ ಒಬ್ಬರೇ ಇಳಿದರು. ಅಮ್ಮ, ನಾನು, ಮುನಿಯಪ್ಪನವರು ಜಗಲಿಯಲ್ಲಿ ಸದ್ದನ್ನೇ ಆಲಿಸುತ್ತಿದ್ದೆವು. ಹಿತ್ತಲಲ್ಲಿ ಅದು ನಿಲ್ಲಲಿಲ್ಲ. ಮನೆಯನ್ನು ಬಳಸಿ ಬಂದ ಅಪ್ಪನ ಕಾಲ ಕೆಳಗೆ ಮೆಟ್ಟಿಲ ಬಳಿ ಸಡಿಲ ಗರಸು ಜರಜರ ಎಂದಿತು. ಅವರು ನಿಂತರು. ಕೋಲಿನಿಂದ ಮೆಟ್ಟಿಲನ್ನು ತಟ್ಟಿ ನೋಡಿದರು. ಹತ್ತಲಿಲ್ಲ. ತಿರುಗಿ ಇನ್ನೊಂದು ಸುತ್ತು ಹೊರಟರು.

ಆ ಗುಣಾಕಾರದ ಚೀಟಿ ಇನ್ನೂ ದಿನಚರಿಯಲ್ಲಿದೆ. ಎಷ್ಟೋ ಸಲ ಮಾಡಿ ನೋಡಿದ್ದೇನೆ, ತಪ್ಪಿಲ್ಲ. ಆದರೂ ಎಲ್ಲಾದರೂ ಗರಸಿನ ಮೇಲೆ ಯಾರಾದರೂ ನಡೆಯುವುದು ಕೇಳಿಸಿದರೆ ಇವತ್ತಿಗೂ ನಿಂತುಬಿಡುತ್ತೇನೆ, ಆ ಸದ್ದು ಬದಲಾಗುವವರೆಗೆ.