ಮಿಕ್ಸಿ ಅಕ್ಕ ಅಳಿಸದ ವಿಡಿಯೊ

ಮಿಕ್ಸಿ ಅಕ್ಕ ಬಾಯಿ ಬಿಟ್ಟದ್ದು ಒಂದೂವರೆ ನಿಮಿಷ. ಅಷ್ಟಕ್ಕೇ ಊರಿಗೆ ಊರೇ ಮೈಮೇಲೆ ಬಿತ್ತು.

ಹನ್ನೊಂದು ವರ್ಷದಿಂದ ಮಿಕ್ಸಿ ರಿಪೇರಿ ಮಾಡುತ್ತಿರುವ ಹೆಂಗಸು. ಅಣ್ಣನ ಮನೆಯ ಮುಂಗೋಣೆಯೇ ಅಂಗಡಿ. ಮೊನ್ನೆ ಒಂದು ಮಿಕ್ಸಿಯನ್ನು ಬೋರಲು ಹಾಕಿ, ತಳದ ಕೆಂಪು ಬಟನ್ ತೋರಿಸಿ ವಿಡಿಯೊ ಹಾಕಿದಳು: “ಲೋಡ್ ಜಾಸ್ತಿಯಾದ್ರೆ ಮಿಕ್ಸಿ ತಾನಾಗೇ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟು ಇದನ್ನ ಒತ್ತಿ, ಓಡುತ್ತೆ. ಇಷ್ಟಕ್ಕೇ ಮೋಟರ್ ಸುಟ್ಟಿದೆ ಅಂತ ದುಡ್ಡು ಕೀಳೋ ರಿಪೇರಿಯವರು ಕಳ್ಳರು.”

ಅದೇ ಕಸುಬಿನ ಕೆಲವರಿಗೆ ಉರಿ ಹತ್ತಿಕೊಂಡಿತು. ಅವರ ಬೈಗುಳದಲ್ಲಿ ಮಿಕ್ಸಿಯ ಸುದ್ದಿಯೇ ಇಲ್ಲ! ಅವಳ ಸೀರೆ, ಅವಳ ನಡತೆ, ಗಂಡ ಬಿಟ್ಟುಹೋದ ಕಾರಣ, ಎಲ್ಲ ಇತ್ತು. ಯಾರೋ ಪುಣ್ಯಾತ್ಮ ಅವಳ ಫೋನ್ ನಂಬರನ್ನೂ ಹಾಕಿದ.

ಆ ರಾಶಿಯಲ್ಲಿ ಒಂದು ಮಾತು ಮಾತ್ರ ತೂಕದ್ದು. ಅವಳಿಗೆ ಕೆಲಸ ಕಲಿಸಿದ ಮೇಸ್ತ್ರಿ ಬರೆದಿದ್ದರು: “ಮತ್ತೆ ಮತ್ತೆ ಬಟನ್ ಹಾರಿದ್ರೆ ಒತ್ತಬಾರದು ಅಂತ ಯಾಕಮ್ಮ ಹೇಳಲಿಲ್ಲ? ಒಳಗೆ ಬುಷ್ ಹಿಡ್ಕೊಂಡು ಮೋಟರ್ ತಿರುಗದ ಹಾಗಾಗಿರುತ್ತೆ. ಒತ್ತುತ್ತಾ ಹೋದ್ರೆ ನಿಜವಾಗ್ಲೂ ಮೋಟರ್ ಸುಟ್ಟುಹೋಗುತ್ತೆ.”

ಅವಳು ನಾಲಿಗೆ ಕಚ್ಚಿಕೊಂಡಳು. ಅಂದೇ ಇನ್ನೊಂದು ವಿಡಿಯೊ ಮಾಡಿ, ತಪ್ಪು ತನ್ನದೆಂದು ಒಪ್ಪಿ ತಿದ್ದಿದಳು. ಕಳ್ಳರು ಅಂದದ್ದನ್ನು ಮಾತ್ರ ತಿದ್ದಲಿಲ್ಲ. ಯಾಕೆ ತಿದ್ದಬೇಕು?

ಮರುದಿನ ಬೆಳಿಗ್ಗೆ ಮೂವರು ಗಿರಾಕಿಗಳು ಮಿಕ್ಸಿ ಹಿಡಿದು ನಿಂತಿದ್ದಾಗಲೇ ಅಣ್ಣ ಬಂದ.

“ಎರಡನ್ನೂ ಅಳಿಸಿಹಾಕು. ಇಲ್ಲಾಂದ್ರೆ ನಾಳೆಗೆ ಅಂಗಡಿ ಖಾಲಿ ಮಾಡು. ನನ್ನ ಮಾನ ಹರಾಜಾಗ್ತಿದೆ.”

“ನಿನ್ನ ಮಾನಾನಾ? ಬೈಸಿಕೊಂಡವಳು ನಾನು ಕಣಣ್ಣ.”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳ ಕೈಯೆಲ್ಲ ಗ್ರೀಸು, ಅಣ್ಣನೇ ಎತ್ತಿದ. ಆ ಕಡೆಯವನು ಎತ್ತಿದ್ದು ಯಾರೆಂದೂ ಕೇಳದೆ ಶುರುಮಾಡಿದ. ತಂಗಿಯ ಬಗ್ಗೆ ಅಂಥ ಮಾತನ್ನು ಅಣ್ಣ ಜನ್ಮದಲ್ಲಿ ಕೇಳಿರಲಿಲ್ಲ.

“ಯಾವನೋ ನೀನು? ಕೈಕಾಲು ಮುರಿದುಬಿಡ್ತೀನಿ!”

ಅವಳು ಕೈ ಒರೆಸಿಕೊಂಡು ಫೋನು ಕಿತ್ತುಕೊಂಡಳು. ಸ್ಪೀಕರ್ ಹಾಕಿ ಎಲ್ಲರ ನಡುವೆ ಮೇಜಿನ ಮೇಲಿಟ್ಟಳು.

“ಹೇಳಪ್ಪ, ಇಲ್ಲಿ ಐದು ಜನ ಕೇಳಿಸ್ಕೊಳ್ತಿದೀವಿ. ನಿನ್ನ ನಂಬರು ಪೊಲೀಸರಿಗೆ ಹೋಗುತ್ತೆ, ಅದು ಬೇರೆ. ಮಿಕ್ಸಿ ವಿಷಯದಲ್ಲಿ ನಾನು ಹೇಳಿದ್ದರಲ್ಲಿ ಏನು ತಪ್ಪು, ಅದನ್ನ ಹೇಳು.”

ಫೋನು ಕಟ್ಟಾಯಿತು.

ಅಣ್ಣ ಫೋನಿಗೆ ಕೈ ಚಾಚಿದ. “ನಂಬರ್ ಕೊಡು. ಅವನನ್ನ ನಾನು ನೋಡ್ಕೊಳ್ತೀನಿ.”

“ಬೇಡ. ಮಾತಾಡಿದವಳು ನಾನು, ನಾನೇ ನೋಡ್ಕೊಳ್ತೀನಿ. ವಿಡಿಯೊ ಅಳಿಸಲ್ಲ. ಈಗ ಹೇಳು, ಅಂಗಡಿ ಖಾಲಿ ಮಾಡ್ಲಾ?”

ಗಿರಾಕಿಗಳು ಅಣ್ಣನ ಮುಖ ನೋಡಿದರು. ಅವನು ಹತ್ತಿರ ನಿಂತಿದ್ದ ಮುದುಕಿಯ ಕೈಯಿಂದ ಮಿಕ್ಸಿ ಇಸಿದುಕೊಂಡು ತಂಗಿಯ ಮುಂದಿಟ್ಟ.

“ಇವರದ್ದು ಏನಾಗಿದೆ ನೋಡು,” ಎಂದ.